ಫ್ಯಾನ್ ಕಂಟ್ರೋಲ್: ಏರಿಳಿಯುವ ಸದ್ದಿಗೆ ಮದ್ದು, ಉಪ್ಪುಧೂಳಿಗಲ್ಲ

ಹಂಚಿನ ಮಾಡಿನ ಮೇಲೆ ರಾತ್ರಿಯಿಡೀ ಸುರಿಯುವ ಮಳೆ ಯಾರ ನಿದ್ದೆಯನ್ನೂ ಕೆಡಿಸುವುದಿಲ್ಲ. ಸೋರುವಲ್ಲಿ ಇಟ್ಟ ಬಾಲ್ದಿಗೆ ಬೀಳುವ ಹನಿ ಕೆಡಿಸುತ್ತದೆ. ಕಂಪ್ಯೂಟರ್ ಫ್ಯಾನಿನ ಕತೆಯೂ ಇದೇ. ನಿಮಿಷಕ್ಕೆ 1,100 ಸುತ್ತಿನಲ್ಲಿ ಒಂದೇ ಸಮ ತಿರುಗುವ ಫ್ಯಾನನ್ನು ಕಿವಿ ಸ್ವಲ್ಪ ಹೊತ್ತಿನಲ್ಲೇ ಮರೆತುಬಿಡುತ್ತದೆ. ಬ್ರೌಸರಿನಲ್ಲಿ ಒಂದು ಟ್ಯಾಬ್ ತೆರೆದ ಕೂಡಲೇ 900ರಿಂದ 1,600ಕ್ಕೆ ಬುರ್ರೆಂದು ಏರಿ, ನಾಲ್ಕು ಸೆಕೆಂಡಿನಲ್ಲಿ ಇಳಿದು, ಮತ್ತೆ ಏರುವ ಫ್ಯಾನ್ ತಲೆ ತಿನ್ನುತ್ತದೆ. ರಿಪೇರಿಗೆ ಒಯ್ದರೆ ಹೆಚ್ಚಾಗಿ ಸಿಗುವ ಉತ್ತರ "ಫ್ಯಾನ್ ಬದಲಿಸುವ". ಹೊಸ ಫ್ಯಾನೂ ಹಾಗೆಯೇ ಕುಣಿಯುತ್ತದೆ. ಕುಣಿಸುವುದು ಮದರ್‌ಬೋರ್ಡು, ಫ್ಯಾನ್ ಹೇಳಿದಂತೆ ಕೇಳುತ್ತದೆ ಅಷ್ಟೆ.

ಆ ಹೇಳುವ ಕೆಲಸವನ್ನು ನಮ್ಮ ಕೈಗೆ ಕೊಡುವ ತಂತ್ರಾಂಶ ಫ್ಯಾನ್ ಕಂಟ್ರೋಲ್. ರೆಮಿ ಮರ್ಸಿಯೆ ಬರೆದದ್ದು, ವಿಂಡೋಸಿಗೆ ಮಾತ್ರ, ಪುಕ್ಕಟೆ. ಜೋಡಿಸಿದ ಡೆಸ್ಕ್‌ಟಾಪ್ ಇದ್ದವರು, ಅದರಲ್ಲೂ ಮಂಗಳೂರು–ಉಡುಪಿಯ ಸೆಖೆಯಲ್ಲಿ ಎಸಿ ಇಲ್ಲದ ಕೋಣೆಯಲ್ಲಿ ಕೂತು ಕೆಲಸ ಮಾಡುವವರು, ಹೊಸ ಫ್ಯಾನಿಗೆ ದುಡ್ಡು ಹಾಕುವ ಮೊದಲು ಇದನ್ನು ಹಾಕಿ ನೋಡಬೇಕು. ಲ್ಯಾಪ್‌ಟಾಪಿನವರಿಗೆ ಬಹುತೇಕ ಉಪಯೋಗವಿಲ್ಲ, ಆ ಮಾತು ಮುಂದೆ ಬರುತ್ತದೆ.

ಈ ತಂತ್ರಾಂಶದ ಮೊದಲ ಉಪಯೋಗ ವೇಗ ಬದಲಿಸುವುದಲ್ಲ, ರೋಗ ಪತ್ತೆ ಮಾಡುವುದು. ಒಂದೇ ಪರದೆಯಲ್ಲಿ ಪ್ರತಿ ಫ್ಯಾನಿನ ನಿಮಿಷದ ಸುತ್ತು ಅಂದರೆ ಆರ್‌ಪಿಎಂ, ಅದಕ್ಕೆ ಹೋಗುತ್ತಿರುವ ಆಜ್ಞೆಯ ಶೇಕಡಾ, ಅದರ ಪಕ್ಕದಲ್ಲಿ ತಾಪಮಾನ ಕಾಣುತ್ತದೆ. ಸದ್ದು ಏರಿಳಿಯುವಾಗ ಐದು ನಿಮಿಷ ಈ ಮೂರನ್ನೂ ನೋಡುತ್ತ ಕೂತರೆ ಸಾಕು. ತಾಪಮಾನ ಜಿಗಿದಾಗಲೆಲ್ಲ ಆರ್‌ಪಿಎಂ ಜಿಗಿದರೆ ದೋಷ ಯಾವ ತಾಪಮಾನಕ್ಕೆ ಎಷ್ಟು ವೇಗ ಎಂದು ಹೇಳುವ ಗೆರೆಯಲ್ಲಿ, ಅಂದರೆ ಕರ್ವ್‌ನಲ್ಲಿದೆ, ಅದಕ್ಕೆ ಮದ್ದು ಇದರೊಳಗೇ ಉಂಟು. ತಾಪಮಾನ ಸ್ಥಿರವಾಗಿದ್ದು ಆರ್‌ಪಿಎಂ ಮಾತ್ರ ಕುಣಿಯುತ್ತಿದ್ದರೆ ಸಂಪರ್ಕ, ಮೋಡ್ ಅಥವಾ ಇನ್ನೊಂದು ತಂತ್ರಾಂಶದ ಜಗಳ. ತಾಪಮಾನ, ಆರ್‌ಪಿಎಂ ಎರಡೂ ಅಲುಗದೆ ಸದ್ದು ಮಾತ್ರ ಏರಿಳಿದರೆ ಬೇರಿಂಗ್, ಕಂಪನ, ಇಲ್ಲವೇ ಎರಡು ಫ್ಯಾನುಗಳ ತಾಳ ತಪ್ಪಿದ್ದು. ಇಷ್ಟು ತಿಳಿಯದೆ ಯಾವುದನ್ನೂ ಬಿಚ್ಚಲು, ಬದಲಿಸಲು ಹೋಗಬಾರದು.

ಮೊದಲನೆಯದೇ ಹೆಚ್ಚು ಕಾಣುವುದು. ಈಗಿನ ಪ್ರೊಸೆಸರುಗಳು, ಮುಖ್ಯವಾಗಿ ರೈಜೆನ್ 3000 ಸರಣಿಯಿಂದ ಈಚಿನವು, ಒಂದೇ ಕೋರನ್ನು ಕ್ಷಣಮಾತ್ರಕ್ಕೆ ಗರಿಷ್ಠ ವೇಗಕ್ಕೆ ಎತ್ತಿ ಇಳಿಸುತ್ತವೆ. ಚಿಪ್ಪು ಚಿಕ್ಕದು, ಬಿಸಿ ಒಂದು ಚುಕ್ಕಿಯಲ್ಲಿ ಹುಟ್ಟುತ್ತದೆ, ಸೆನ್ಸರ್ ಅತಿ ಬಿಸಿಯಾದ ಚುಕ್ಕಿಯನ್ನೇ ವರದಿ ಮಾಡುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ 45 ಡಿಗ್ರಿ 58 ಆಗಿ ಮತ್ತೆ 46ಕ್ಕೆ ಬರುತ್ತದೆ. ಮೇಲಿರುವ, ಬಿಸಿ ಹೀರುವ ಅರ್ಧ ಕಿಲೋ ಲೋಹದ ಹೀಟ್‌ಸಿಂಕಿಗೆ ಅಷ್ಟರಲ್ಲಿ ಏನೂ ಮುಟ್ಟಿರುವುದಿಲ್ಲ. ಫ್ಯಾನ್ ಓಡಿ ತಣಿಸುವುದಕ್ಕೆ ಅಲ್ಲಿ ಬಿಸಿಯೇ ಇಲ್ಲ. ಮದರ್‌ಬೋರ್ಡಿನೊಳಗಿನ ಮೂಲ ತಂತ್ರಾಂಶ ಬಯೋಸ್ ಮಾತ್ರ ಆ 58ನ್ನು ನಂಬಿ ಫ್ಯಾನನ್ನು ಅಟ್ಟುತ್ತದೆ.

ಜೊತೆಗೆ ನಮ್ಮ ಊರಿನ ಲೆಕ್ಕ ಬೇರೆ. ಯೂಟ್ಯೂಬಿನಲ್ಲಿ ತೋರಿಸುವ ಹೆಚ್ಚಿನ ಕರ್ವ್‌ಗಳು 20–22 ಡಿಗ್ರಿ ಕೋಣೆಗೆ ಎಳೆದವು. ಏಪ್ರಿಲ್ ತಿಂಗಳ ಕೊಟ್ಟಾರದ ಮನೆಯಲ್ಲೋ ಮಣಿಪಾಲದ ಹಾಸ್ಟೆಲ್ ಕೋಣೆಯಲ್ಲೋ ಗಾಳಿಯೇ 33 ಇರುತ್ತದೆ. ಕೋಣೆ 11 ಡಿಗ್ರಿ ಹೆಚ್ಚಾದರೆ ಚಿಪ್ಪೂ ಸರಿಸುಮಾರು 11 ಡಿಗ್ರಿ ಹೆಚ್ಚು. ಅಲ್ಲಿಯವರಿಗೆ 38ರಲ್ಲಿ ಸುಮ್ಮನೆ ಕೂರುವ ಪ್ರೊಸೆಸರ್ ಇಲ್ಲಿ 49ರಲ್ಲಿ ಕೂರುತ್ತದೆ. ಅವರ ಕರ್ವ್‌ 50ಕ್ಕೆ ಏರತೊಡಗುವಂತಿದ್ದರೆ ನಮ್ಮದು ಸದಾ ಆ ಹೊಸ್ತಿಲ ಮೇಲೆಯೇ ನಿಂತಿರುತ್ತದೆ, ಒಂದು ಕಾಲು ಆಚೆ ಒಂದು ಈಚೆ. ಹಾಗಾಗಿ ಇಲ್ಲಿ ಏರಿಕೆಯ ಆರಂಭವನ್ನು 60ಕ್ಕಿಂತ ಕೆಳಗೆ ಇಡುವುದು ವ್ಯರ್ಥ.

ಸೆಟ್ಟಿಂಗಿಗೆ ಬರೋಣ. ಮೊದಲ ಬಾರಿ ತೆರೆದಾಗ ಒಂದೊಂದೇ ಫ್ಯಾನನ್ನು ಓಡಿಸಿ ನೋಡಿ ಯಾವ ಆಜ್ಞೆ ಯಾವ ಫ್ಯಾನಿನದೆಂದು ಜೋಡಿ ಮಾಡುವ ಸಹಾಯಕ ಬರುತ್ತದೆ. ಅದನ್ನು ಮುಗಿಸಿ, ಪ್ರತಿ ಫ್ಯಾನಿಗೂ ಕ್ಯಾಲಿಬ್ರೇಷನ್ ಮಾಡಿಸಿ. ಕೆಲವು ನಿಮಿಷ ಹಿಡಿಯುತ್ತದೆ, ಆದರೆ ಎಷ್ಟು ಶೇಕಡಾದಲ್ಲಿ ಫ್ಯಾನ್ ನಿಲ್ಲುತ್ತದೆ, ನಿಂತದ್ದು ಹೊರಡಲು ಎಷ್ಟು ಬೇಕು ಎಂಬ ಎರಡು ಸಂಖ್ಯೆ ಇದರಿಂದಲೇ ಸಿಗುವುದು. ಕನಿಷ್ಠ ವೇಗವನ್ನು ನಿಲ್ಲುವ ಅಂಕಿಗಿಂತ ಶೇ. 5ರಷ್ಟು ಮೇಲಿಡಿ. ಅಂಚಿನಲ್ಲಿ ಇಟ್ಟ ಫ್ಯಾನ್ ನಿಂತು ಹೊರಟು, ನಿಂತು ಹೊರಟು ಟಕ್ ಟಕ್ ಎನ್ನುತ್ತದೆ. ಇದೂ ಏರಿಳಿತದ ಒಂದು ವೇಷ.

ಪ್ರೊಸೆಸರಿಗೆ ಗ್ರಾಫ್ ಮಾದರಿಯ ಕರ್ವ್ ಆರಿಸಿ. ರೈಜೆನ್ 5 5600 ತರಹದ 65 ವ್ಯಾಟಿನ ಪ್ರೊಸೆಸರಿಗೆ, ಸಾಮಾನ್ಯ ಟವರ್ ಕೂಲರ್ ಇದ್ದರೆ, 62 ಡಿಗ್ರಿಯವರೆಗೆ ನೇರ ಶೇ. 35, 72ಕ್ಕೆ 50, 82ಕ್ಕೆ 75, 88ಕ್ಕೆ 100 ಎಂದು ಶುರು ಮಾಡಬಹುದು. ಈ ಪ್ರೊಸೆಸರಿನ ಮಿತಿ 90 ಡಿಗ್ರಿ, ಆದ್ದರಿಂದ 88. ರೈಜೆನ್ 7000 ಸರಣಿಯ ಎಕ್ಸ್ ಮಾದರಿಗಳನ್ನು 95ರವರೆಗೂ ಓಡುವಂತೆಯೇ ರೂಪಿಸಲಾಗಿದೆ. ಅಲ್ಲಿ ಕೊನೆಯ ಚುಕ್ಕಿಯನ್ನು 93ಕ್ಕೆ ಸರಿಸಿ, ಇಲ್ಲವಾದರೆ ಸಣ್ಣ ಕೆಲಸಕ್ಕೂ ಫ್ಯಾನ್ ಕೂಗುತ್ತದೆ.

ಆದರೆ ಸಂಖ್ಯೆಗಳಿಗಿಂತ ಮುಖ್ಯವಾದದ್ದು ಅದೇ ಕಿಟಕಿಯ ಕೆಳಗಿರುವ ಎರಡು ಸಾಲು, ಹಿಸ್ಟರಿಸಿಸ್ ಮತ್ತು ರೆಸ್ಪಾನ್ಸ್ ಟೈಮ್. ಹೆಚ್ಚಿನವರು ಕರ್ವ್ ಎಳೆದು ಇವನ್ನು ಮುಟ್ಟದೆ ಬಿಡುತ್ತಾರೆ, ಆಮೇಲೆ ತಂತ್ರಾಂಶವೇ ಸರಿಯಿಲ್ಲ ಎನ್ನುತ್ತಾರೆ. ಹಿಸ್ಟರಿಸಿಸ್ ಅಂದರೆ ತಾಪಮಾನ ಎಷ್ಟು ಡಿಗ್ರಿ ಬದಲಾದ ಮೇಲೆ ಫ್ಯಾನ್ ಕದಲಬೇಕು ಎಂಬುದು. ಏರಲು 3, ಇಳಿಯಲು 5 ಸಾಕು. ರೆಸ್ಪಾನ್ಸ್ ಟೈಮ್ ಅಂದರೆ ಆ ಬದಲಾವಣೆ ಎಷ್ಟು ಸೆಕೆಂಡು ನಿಂತ ಮೇಲೆ ನಂಬಬೇಕು ಎಂಬುದು. ಏರಲು 3 ಸೆಕೆಂಡು, ಇಳಿಯಲು 8. ಏರಿಕೆಗೆ 10 ಸೆಕೆಂಡು ಇಟ್ಟರೂ ಪ್ರೊಸೆಸರ್ ಸುಡುವುದಿಲ್ಲ, ಮಿತಿ ಮುಟ್ಟಿದರೆ ಅದು ತಾನಾಗಿ ವೇಗ ಇಳಿಸಿಕೊಳ್ಳುತ್ತದೆ. ಆದರೂ ವಿಡಿಯೊ ರೆಂಡರ್ ಮಾಡುವವರಿಗೆ ಮೂರೇ ಒಳ್ಳೆಯದು. ಇಷ್ಟೂ ಸಾಲದೆ ಹೋದರೆ ಕಸ್ಟಮ್ ಸೆನ್ಸರಿನಲ್ಲಿ ಕಾಲದ ಸರಾಸರಿ ಎಂಬುದೊಂದಿದೆ. ಹತ್ತು ಸೆಕೆಂಡಿನ ಸರಾಸರಿ ಮಾಡಿ ಕರ್ವನ್ನು ಅದಕ್ಕೆ ಕಟ್ಟಿದರೆ ಕ್ಷಣಿಕ ಜಿಗಿತಗಳು ಚಪ್ಪಟೆಯಾಗುತ್ತವೆ.

ಪರದೆಯಲ್ಲಿ ಪ್ರತಿ ಫ್ಯಾನಿಗಿರುವ ಚೌಕದಲ್ಲಿ ಸ್ಟೆಪ್ ಅಪ್, ಸ್ಟೆಪ್ ಡೌನ್ ಎಂದು ಬೇರೆ ಇದೆ, ಸೆಕೆಂಡಿಗೆ ಎಷ್ಟು ಶೇಕಡಾ ಏರಬೇಕು, ಇಳಿಯಬೇಕು ಎಂದು. ಇಳಿಕೆಗೆ 2 ಇಡಿ. ನಿಧಾನ ಇಳಿಯುವ ಸದ್ದು ಗಮನಕ್ಕೇ ಬರುವುದಿಲ್ಲ.

ಇಷ್ಟೇ ಸೌಲಭ್ಯ ಬಯೋಸಿನಲ್ಲೂ ಇಲ್ಲವೇ ಎಂದು ಕೇಳಬಹುದು. ಒಂದಿಷ್ಟು ಉಂಟು. ಆಸುಸ್‌ನ ಕ್ಯೂ-ಫ್ಯಾನ್, ಗಿಗಾಬೈಟ್‌ನ ಸ್ಮಾರ್ಟ್ ಫ್ಯಾನ್, ಎಂಎಸ್‌ಐನ ಹಾರ್ಡ್‌ವೇರ್ ಮಾನಿಟರ್, ಎಎಸ್‌ರಾಕ್‌ನ ಫ್ಯಾನ್-ಟ್ಯಾಸ್ಟಿಕ್ ಟ್ಯೂನಿಂಗ್, ಎಲ್ಲದರಲ್ಲೂ ಕರ್ವ್ ಎಳೆಯಬಹುದು. ಕಡಿಮೆ ಬೆಲೆಯ ಬೋರ್ಡುಗಳಲ್ಲಿ ವಿಳಂಬದ ಆಯ್ಕೆ ಒಂದೆರಡು ಸೆಕೆಂಡಿಗೆ ಮುಗಿಯುತ್ತದೆ, ಕೆಲವದರಲ್ಲಿ ಇಲ್ಲವೇ ಇಲ್ಲ. ಗ್ರಾಫಿಕ್ಸ್ ಕಾರ್ಡಿನ ತಾಪಮಾನವಂತೂ ಬಯೋಸಿಗೆ ಸಾಮಾನ್ಯವಾಗಿ ತಿಳಿಯುವುದೇ ಇಲ್ಲ; ಆಟ ಆಡುವಾಗ ಕಾರ್ಡು 75 ಮುಟ್ಟಿದರೂ ಕ್ಯಾಬಿನೆಟ್ ಫ್ಯಾನು ಪ್ರೊಸೆಸರಿನ ಮುಖ ನೋಡುತ್ತ ಆರಾಮಾಗಿರುತ್ತದೆ. ಫ್ಯಾನ್ ಕಂಟ್ರೋಲ್ ಗೆಲ್ಲುವುದು ಇಲ್ಲಿ. ಮಿಕ್ಸ್ ಎಂಬ ಕರ್ವಿನಲ್ಲಿ ಪ್ರೊಸೆಸರಿನದು, ಕಾರ್ಡಿನದು ಎರಡನ್ನೂ ಸೇರಿಸಿ ಗರಿಷ್ಠ ಯಾವುದೋ ಅದನ್ನು ಕ್ಯಾಬಿನೆಟ್ ಫ್ಯಾನುಗಳಿಗೆ ಕೊಟ್ಟರೆ ಮುಗಿಯಿತು.

ಗ್ರಾಫಿಕ್ಸ್ ಕಾರ್ಡಿನ ಏರಿಳಿತಕ್ಕೆ ಕಾರಣ ಇನ್ನೊಂದು. ಈಚಿನ ಕಾರ್ಡುಗಳು ಕೆಲಸವಿಲ್ಲದಾಗ ಫ್ಯಾನನ್ನು ಪೂರ್ತಿ ನಿಲ್ಲಿಸಿ, 50–60 ಡಿಗ್ರಿ ಆಸುಪಾಸಿನಲ್ಲಿ ಮತ್ತೆ ಶುರು ಮಾಡುತ್ತವೆ. ತಂಪು ಊರಿನಲ್ಲಿ ಇದು ವರ. ಇಲ್ಲಿ ಎರಡು ಮಾನಿಟರ್ ಹಾಕಿಕೊಂಡು ಕೂತರೆ ಕಾರ್ಡಿನ ಮೆಮೊರಿ ವೇಗ ಇಳಿಯದೆ, ಸುಮ್ಮನಿದ್ದೂ ತಾಪಮಾನ ಆ ಗಡಿಗೇ ಬಂದು ನಿಲ್ಲುತ್ತದೆ. ಫ್ಯಾನ್ ಭರ್ರೆಂದು ಹೊರಡುತ್ತದೆ, ಒಂದು ನಿಮಿಷಕ್ಕೆ ತಣಿಯುತ್ತದೆ, ನಿಲ್ಲುತ್ತದೆ, ಮೂರು ನಿಮಿಷಕ್ಕೆ ಮತ್ತೆ ಭರ್ರೆನ್ನುತ್ತದೆ. ಟ್ರಿಗರ್ ಕರ್ವ್ ಇದಕ್ಕೆ ಹೇಳಿ ಮಾಡಿಸಿದಂತಿದೆ. ಕೆಳಗಿನ ಗಡಿ 45, ಮೇಲಿನ ಗಡಿ 64 ಎಂದು ಕೊಟ್ಟರೆ ನಡುವೆ ಇರುವಾಗ ಹಿಂದಿನ ವೇಗವನ್ನೇ ಹಿಡಿದುಕೊಂಡಿರುತ್ತದೆ. ಇನ್ನೂ ಸರಳವಾಗಿ ಬೇಕಿದ್ದರೆ ಫ್ಯಾನನ್ನು ನಿಲ್ಲಿಸುವುದನ್ನೇ ಬಿಟ್ಟು ಶೇ. 30ಕ್ಕೆ ಕಟ್ಟಿಹಾಕಿ. ಎನ್‌ವಿಡಿಯಾದ ಹೆಚ್ಚಿನ ಕಾರ್ಡುಗಳು ತಂತ್ರಾಂಶದ ಮಾತು ಕೇಳಿ 30ಕ್ಕಿಂತ ಕೆಳಗೆ ಇಳಿಯುವುದೂ ಇಲ್ಲ. ಆ ವೇಗದ ಸದ್ದು ಸೀಲಿಂಗ್ ಫ್ಯಾನಿನಡಿ ಕೇಳಿಸಿದರೆ ಕೇಳಿ.

ಇನ್ನು ಆರ್‌ಪಿಎಂ ಅಲುಗದೆ ಸದ್ದು ಮಾತ್ರ ವೂಂ... ವೂಂ... ಎಂದು ಅಲೆಯುವ ಪ್ರಕರಣ. ಎದುರು ಎರಡು ಫ್ಯಾನ್, ಏಳೇಳು ರೆಕ್ಕೆ. ಒಂದು 1,000 ಸುತ್ತು, ಇನ್ನೊಂದು 1,030. ಒಂದರ ರೆಕ್ಕೆಗಳು ಸೆಕೆಂಡಿಗೆ 116.7 ಬಾರಿ, ಇನ್ನೊಂದರದು 120.2 ಬಾರಿ ಹಾದುಹೋಗುತ್ತವೆ. ಎರಡೂ ಸದ್ದು ಸೇರಿ ವ್ಯತ್ಯಾಸದಷ್ಟು, ಅಂದರೆ ಸೆಕೆಂಡಿಗೆ ಮೂರೂವರೆ ಬಾರಿ, ಉಬ್ಬಿ ತಗ್ಗುತ್ತವೆ. ಶ್ರುತಿ ಕೂಡದ ಎರಡು ತಂತಿಗಳನ್ನು ಒಟ್ಟಿಗೆ ಮೀಟಿದರೆ ಆಗುವುದೂ ಇದೇ. ಫ್ಯಾನ್ ಎರಡೂ ಚೆನ್ನಾಗಿವೆ, ಜೊತೆ ಸರಿಯಿಲ್ಲ. ಒಂದರ ಆಜ್ಞೆಗೆ ಆಫ್‌ಸೆಟ್, ಅಂದರೆ ಸ್ವಲ್ಪ ಹೆಚ್ಚು-ಕಡಿಮೆ, ಕೊಟ್ಟು ಅಂತರವನ್ನು 150–200 ಸುತ್ತಿಗೆ ಹಿಗ್ಗಿಸಿದರೆ ಅಲೆ ಮಾಯ. ಬೋರ್ಡಿನಲ್ಲಿ ಫ್ಯಾನ್ ಚುಚ್ಚುವ ಒಂದೇ ಹೆಡರಿಗೆ, ಎರಡಾಗಿ ಕವಲೊಡೆಯುವ ಸ್ಪ್ಲಿಟರ್ ಹಾಕಿದವರಿಗೆ ಈ ಉಪಾಯ ಇಲ್ಲ, ಎರಡಕ್ಕೂ ಒಂದೇ ಆಜ್ಞೆ ಹೋಗುತ್ತದೆ. ಬೇರೆ ಹೆಡರಿಗೆ ಹಾಕಲೇಬೇಕು. ಯಾವುದೋ ಒಂದು ನಿರ್ದಿಷ್ಟ ವೇಗದಲ್ಲಿ ಮಾತ್ರ ಕ್ಯಾಬಿನೆಟ್ಟಿನ ತಗಡು ಗುಂಯ್‌ಗುಟ್ಟುವುದಾದರೆ ಆ ವೇಗದ ಮೊದಲೊಂದು, ಆಮೇಲೊಂದು ಚುಕ್ಕಿ ಇಟ್ಟು ಕರ್ವನ್ನು ಅಲ್ಲಿ ಮೆಟ್ಟಿಲಿನಂತೆ ಹಾರಿಸಿ.

ತಾಪಮಾನ ಸ್ಥಿರ, ಆರ್‌ಪಿಎಂ ಕುಣಿತ: ಇಲ್ಲಿ ಮೊದಲ ಸಂಶಯ ಇನ್ನೊಂದು ತಂತ್ರಾಂಶದ ಮೇಲೆ. ಆರ್ಮರಿ ಕ್ರೇಟ್, ಎಂಎಸ್‌ಐ ಸೆಂಟರ್, ಗಿಗಾಬೈಟ್ ಕಂಟ್ರೋಲ್ ಸೆಂಟರ್ ಇತ್ಯಾದಿಗಳೂ ಮದರ್‌ಬೋರ್ಡಿನ ಫ್ಯಾನ್ ಆಳುವ ಅದೇ ಸೂಪರ್ ಐಒ ಚಿಪ್ಪಿಗೆ ಬರೆಯುತ್ತವೆ. ಇಬ್ಬರು ಒಂದೇ ಸ್ಟೇರಿಂಗ್ ಹಿಡಿದಂತೆ. ಒಂದನ್ನು ತೆಗೆಯಬೇಕು. ಎರಡನೆಯದು ಮೋಡ್. ಮೂರು ಪಿನ್ನಿನ ಫ್ಯಾನಿನ ವೇಗ ವೋಲ್ಟೇಜಿನಿಂದ, ನಾಲ್ಕು ಪಿನ್ನಿನದು ಅತಿ ವೇಗದಲ್ಲಿ ಆನ್-ಆಫ್ ಆಗುವ ಪಿಡಬ್ಲ್ಯೂಎಂ ಸಂಕೇತದಿಂದ ಬದಲಾಗುತ್ತದೆ. ಆ ಸಂಕೇತದ ಆವರ್ತನ 25 ಕಿಲೋಹರ್ಟ್ಸ್. ಬಯೋಸಿನಲ್ಲಿ ಹೆಡರ್ 'ಆಟೋ' ಎಂದಿದ್ದರೆ ಕೆಲವೊಮ್ಮೆ ತಪ್ಪು ಗುರುತಿಸುತ್ತದೆ. ಮೂರು ಪಿನ್ನಿನದನ್ನು ಪಿಡಬ್ಲ್ಯೂಎಂ ಮೋಡಿಗೆ ಹಾಕಿದರೆ ಸದಾ ಪೂರ್ಣ ವೇಗ. ನಾಲ್ಕು ಪಿನ್ನಿನದನ್ನು ವೋಲ್ಟೇಜಿನ ಡಿಸಿ ಮೋಡಿಗೆ ಹಾಕಿದರೆ ಕಡಿಮೆ ವೋಲ್ಟೇಜಿನಲ್ಲಿ ಎಡವುತ್ತದೆ. ಕೈಯಿಂದಲೇ ಆರಿಸಿಬಿಡಿ. ಸ್ಪ್ಲಿಟರಿನಲ್ಲಿ ಒಂದೇ ಫ್ಯಾನಿನ ವೇಗದ ತಂತಿ ಬೋರ್ಡಿಗೆ ಹೋಗಬೇಕು; ಎರಡೂ ಹೋದರೆ ಅಂಕಿ ಹುಚ್ಚು ಹುಚ್ಚಾಗಿ ಕಾಣುತ್ತದೆ, ಫ್ಯಾನ್ ಮಾತ್ರ ಸರಿಯಾಗಿಯೇ ಓಡುತ್ತಿರುತ್ತದೆ.

ಮೂರನೆಯದು ನಮ್ಮ ಕಡಲು. ಉಳ್ಳಾಲ, ಪಣಂಬೂರು, ಸುರತ್ಕಲ್, ಮಲ್ಪೆ ಬದಿಯ ಮನೆಗಳ ಧೂಳಿನಲ್ಲಿ ಉಪ್ಪು ಇರುತ್ತದೆ. ಗಾಳಿಯ ತೇವಾಂಶ ಶೇ. 75 ದಾಟಿದರೆ ಅಡುಗೆ ಉಪ್ಪು ತಾನಾಗಿ ನೀರು ಹೀರಿ ಕರಗುತ್ತದೆ. ಮಳೆಗಾಲದ ಆಟಿ ತಿಂಗಳಲ್ಲಿ ಉಪ್ಪಿನ ಭರಣಿಯೊಳಗೆ ಆಗುವುದೇ ಹೆಡರಿನ ಪಿನ್ನಿನ ಮೇಲೂ ಆಗುತ್ತದೆ. ಸಂಪರ್ಕ ಕೆಟ್ಟು ಆರ್‌ಪಿಎಂ ಕ್ಷಣಕ್ಕೆ ಸೊನ್ನೆಯಾಗುವುದು, ಆಜ್ಞೆಯ ತಂತಿ ಕೈಕೊಟ್ಟು ಫ್ಯಾನ್ ಇದ್ದಕ್ಕಿದ್ದಂತೆ ಪೂರ್ಣ ವೇಗಕ್ಕೆ ಹೋಗುವುದು ಹೀಗೆ. ಪ್ಲಗ್ ತೆಗೆದು, ಕಾಂಟ್ಯಾಕ್ಟ್ ಕ್ಲೀನರ್ ಹಾಕಿ, ನಾಲ್ಕೈದು ಬಾರಿ ಚುಚ್ಚಿ ತೆಗೆದರೆ ಬಹುಪಾಲು ಸರಿಹೋಗುತ್ತದೆ.

ಒಣ ಊರಿನ ಧೂಳು ಬ್ಲೋವರಿಗೆ ಹಾರಿಹೋಗುತ್ತದೆ, ನಮ್ಮದು ಹಾರುವುದಿಲ್ಲ. ಮುರಕಲ್ಲಿನ ಕೆಂಪು ಹುಡಿ, ಅಗರಬತ್ತಿ, ಸೊಳ್ಳೆ ಬತ್ತಿಯ ಜಿಡ್ಡು, ತೇವ ಸೇರಿ ಹೀಟ್‌ಸಿಂಕಿನ ಎಲೆಗಳ ನಡುವೆ ಕಂಬಳಿಯಂತೆ ಕೂರುತ್ತದೆ. ಮೊದಲು ಮೆತ್ತನೆ ಬ್ರಷ್ಷಿನಿಂದ ಕೆದಕಿ, ಆಮೇಲೆ ಗಾಳಿ ಹೊಡೆಯಿರಿ. ಗಾಳಿ ಹೊಡೆಯುವಾಗ ರೆಕ್ಕೆಯನ್ನು ಬೆರಳಲ್ಲಿ ಹಿಡಿದಿರಲೇಬೇಕು. ಬಿಟ್ಟರೆ ಫ್ಯಾನ್ ತನ್ನ ಮಿತಿ ಮೀರಿ ತಿರುಗಿ ಬೇರಿಂಗ್ ಹಾಳಾಗಬಹುದು, ಜನರೇಟರಿನಂತೆ ತಿರುಗುಮುಖ ವಿದ್ಯುತ್ತನ್ನೂ ಬೋರ್ಡಿಗೆ ಕಳಿಸಬಹುದು. ರೆಕ್ಕೆಗೆ ಅಂಟಿದ್ದನ್ನು ಶೇ. 99ರ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ. ಒಂದು ರೆಕ್ಕೆಯಲ್ಲಿ ಮಾತ್ರ ಧೂಳು ಉಳಿದರೆ ತೂಕ ತಪ್ಪಿ ಕಂಪನ ಹೆಚ್ಚುತ್ತದೆ, ಒರೆಸುವುದಾದರೆ ಎಲ್ಲವನ್ನೂ ಒರೆಸಿ. ಕರಕರ ಸದ್ದಿಗೆ ಡಬ್ಲ್ಯೂಡಿ-40 ಹೊಡೆಯುವ ಅಭ್ಯಾಸ ಬಿಡಬೇಕು, ಅದು ಇದ್ದ ಎಣ್ಣೆಯನ್ನೂ ತೊಳೆದುಬಿಡುತ್ತದೆ. ಸ್ಲೀವ್ ಬೇರಿಂಗಿನ ಹಳೆಯ ಫ್ಯಾನಾದರೆ ಹಿಂದಿನ ಸ್ಟಿಕರ್ ಎಬ್ಬಿಸಿ ಒಂದು ಹನಿ ಹೊಲಿಗೆ ಯಂತ್ರದ ಎಣ್ಣೆ ಬಿಡಬಹುದು. ಕೆಲವು ತಿಂಗಳು ಎಳೆಯುತ್ತದೆ, ಅಷ್ಟೆ.

ಫ್ಯಾನ್ ಶೇ. 100ರಲ್ಲಿದ್ದೂ 65 ವ್ಯಾಟಿನ ಪ್ರೊಸೆಸರ್ 90 ಮುಟ್ಟುತ್ತಿದ್ದರೆ ಯಾವ ಕರ್ವೂ ಉಳಿಸದು. ಪ್ರೊಸೆಸರಿಗೂ ಕೂಲರಿಗೂ ನಡುವಿನ ಪೇಸ್ಟ್ ಒಣಗಿರುತ್ತದೆ, ಅಥವಾ ಇಂಟೆಲ್ ಸ್ಟಾಕ್ ಕೂಲರಿನ ನಾಲ್ಕು ಪುಶ್‌ಪಿನ್ನುಗಳಲ್ಲಿ ಒಂದು ಎದ್ದಿರುತ್ತದೆ. ಪಿನ್ನುಗಳನ್ನು ಕರ್ಣಕ್ಕೆ ಕರ್ಣ ಒತ್ತಿ. ಹೊಸ ಪೇಸ್ಟ್ ಬಟಾಣಿ ಕಾಳಿನಷ್ಟು ಸಾಕು. ರೈಜೆನ್ 5000ರವರೆಗಿನ ಎಎಂ4 ಬೋರ್ಡಿನಲ್ಲಿ ಕೂಲರನ್ನು ನೇರ ಎಳೆಯಬೇಡಿ, ಪ್ರೊಸೆಸರೇ ಕಿತ್ತು ಬಂದು ಪಿನ್ ಬಾಗಬಹುದು. ಹತ್ತು ನಿಮಿಷ ಕಂಪ್ಯೂಟರ್ ಓಡಿಸಿ ಪೇಸ್ಟ್ ಬೆಚ್ಚಗಾದ ಮೇಲೆ ಆಫ್ ಮಾಡಿ, ಅತ್ತಿತ್ತ ತಿರುಗಿಸಿ ಎಬ್ಬಿಸಿ.

ತಂತ್ರಾಂಶದ ಕುಂದುಗಳನ್ನೂ ಹೇಳಬೇಕು. ಇದರ ಮೂಲ ಕೋಡ್ ತೆರೆದಿಲ್ಲ. ಗಿಟ್‌ಹಬ್‌ನಲ್ಲಿ ಸಿಗುವುದು ಸಿದ್ಧ ಫೈಲುಗಳು ಮಾತ್ರ, ಹಾರ್ಡ್‌ವೇರ್ ಓದುವ ಭಾಗಕ್ಕೆ ಲಿಬ್ರೆ ಹಾರ್ಡ್‌ವೇರ್ ಮಾನಿಟರ್ ಎಂಬ ತೆರೆದ ಲೈಬ್ರರಿಯನ್ನು ಬಳಸುತ್ತದೆ. ಹಿಂದೆ ಬಳಸುತ್ತಿದ್ದ ವಿನ್‌ರಿಂಗ್0 ಎಂಬ ಡ್ರೈವರಿನಲ್ಲಿ ಭದ್ರತೆಯ ಲೋಪವಿತ್ತು, 2025ರಲ್ಲಿ ವಿಂಡೋಸ್ ಡಿಫೆಂಡರ್ ಅದನ್ನು ಹಿಡಿದು ಹಾಕತೊಡಗಿತು. ಈಗಿನ ಆವೃತ್ತಿಗಳು ಪಾನ್‌ಐಒ ಎಂಬ ಬೇರೆ ಡ್ರೈವರಿಗೆ ಹೋಗಿವೆ. ಪೆನ್‌ಡ್ರೈವಿನಲ್ಲಿ ಯಾರೋ ಕೊಟ್ಟ ಹಳೆಯ ಆವೃತ್ತಿ ಹಾಕಬೇಡಿ, ಹಾಕಲೆಂದು ಡಿಫೆಂಡರನ್ನು ಆಫ್ ಮಾಡಲೂ ಬೇಡಿ.

ಡೆಲ್, ಎಚ್‌ಪಿ ಕಂಪನಿಗಳ ಸಿದ್ಧ ಡೆಸ್ಕ್‌ಟಾಪುಗಳಲ್ಲಿ, ಹಾಗೆಯೇ ಹೆಚ್ಚಿನ ಲ್ಯಾಪ್‌ಟಾಪುಗಳಲ್ಲಿ ಫ್ಯಾನಿನ ಕೀಲಿ ಕಂಪನಿಯದೇ ಎಂಬೆಡೆಡ್ ಕಂಟ್ರೋಲರಿನ ಕೈಯಲ್ಲಿರುತ್ತದೆ. ಈ ತಂತ್ರಾಂಶ ತೆರೆದರೆ ಆ ಫ್ಯಾನುಗಳು ಸಾಮಾನ್ಯವಾಗಿ ಹಿಡಿತಕ್ಕೆ ಸಿಗುವುದಿಲ್ಲ. ಆಸುಸ್ ಲ್ಯಾಪ್‌ಟಾಪಿದ್ದರೆ ಜಿ-ಹೆಲ್ಪರ್ ನೋಡಿ. ಉಳಿದವರು ವಿಂಡೋಸಿನ ಪವರ್ ಆಯ್ಕೆಯಲ್ಲಿ ಪ್ರೊಸೆಸರಿನ ಗರಿಷ್ಠ ಸ್ಥಿತಿಯನ್ನು ಶೇ. 99ಕ್ಕೆ ಇಳಿಸಿದರೆ ಒಮ್ಮೆಲೇ ವೇಗ ಏರಿಸುವ ಟರ್ಬೊ ನಿಂತು ಜಿಗಿತ ಬಹಳಷ್ಟು ತಗ್ಗುತ್ತದೆ. ವೇಗ ಸ್ವಲ್ಪ ಹೋಗುತ್ತದೆ, ವರ್ಡ್, ಟ್ಯಾಲಿ ಮಾಡುವವರಿಗೆ ಗೊತ್ತಾಗದು. ಲಿನಕ್ಸಿನವರಿಗೆ ಕೂಲರ್‌ಕಂಟ್ರೋಲ್ ಇದೆ.

ತಂತ್ರಾಂಶ ನಡುವೆ ಹ್ಯಾಂಗ್ ಆದರೆ ಫ್ಯಾನ್ ಕೊನೆಯ ವೇಗದಲ್ಲೇ ಉಳಿದುಬಿಡಬಹುದು. ವಿಂಡೋಸ್ ಏಳುವವರೆಗೂ ಆಳುವುದು ಬಯೋಸೇ. ಆದ್ದರಿಂದ ಬಯೋಸಿನಲ್ಲೂ ಒಂದು ಸಾಧಾರಣ ಕರ್ವ್ ಇಟ್ಟಿರಿ. ನೀರಿನ ಕೂಲರ್ ಇದ್ದವರು ಪಂಪನ್ನು ಯಾವ ಕರ್ವಿಗೂ ಕಟ್ಟದೆ ಸ್ಥಿರ ವೇಗದಲ್ಲಿ ಬಿಡಬೇಕು.

ಕಂಪ್ಯೂಟರಿಗೆ ಕರೆಂಟು ಕೊಡುವ ಡಬ್ಬ, ಅಂದರೆ ಎಸ್‌ಎಂಪಿಎಸ್‌ನ ಫ್ಯಾನ್ ಮಾತ್ರ ಇದರ ಹಿಡಿತಕ್ಕೆ ಸಿಗುವುದಿಲ್ಲ. ಮಳೆಗಾಲದಲ್ಲಿ ಲೈಟ್ ಮಿಣುಕಿದಾಗ ಫ್ಯಾನ್ ಏರಿಳಿಯುವುದು ಕರೆಂಟಿನ ವೋಲ್ಟೇಜಿನಿಂದ ಎಂದು ಹಲವರು ಸ್ಟೆಬಿಲೈಸರ್ ತರುತ್ತಾರೆ. ಗೋಡೆಯಲ್ಲಿ 190 ಇರಲಿ 240 ಇರಲಿ, ಎಸ್‌ಎಂಪಿಎಸ್ ಫ್ಯಾನಿಗೆ ಕೊಡುವುದು 12 ವೋಲ್ಟೇ. ಅದಕ್ಕೂ ಇದಕ್ಕೂ ಸಂಬಂಧ ಕಡಿಮೆ. ಸದ್ದು ಎಲ್ಲಿಂದ ಎಂಬ ಸಂಶಯವಿದ್ದರೆ ಇದರಲ್ಲೇ ಕ್ಯಾಬಿನೆಟ್, ಪ್ರೊಸೆಸರ್ ಫ್ಯಾನುಗಳನ್ನು ಅರ್ಧ ನಿಮಿಷ ತೀರಾ ಇಳಿಸಿ ಕೇಳಿ. ಉಳಿದ ಕರಕರ ಎಸ್‌ಎಂಪಿಎಸ್‌ನದಾದರೆ ಡಬ್ಬ ಬಿಚ್ಚಲು ಹೋಗಬೇಡಿ, ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರಿನಲ್ಲಿ 300 ವೋಲ್ಟಿನಷ್ಟು ಉಳಿದಿರಬಹುದು. ವಾರಂಟಿ ಇದ್ದರೆ ಕಳಿಸಿ, ಇಲ್ಲದಿದ್ದರೆ ಬದಲಿಸಿ.